ಟೆಲಿಗ್ರಾಫ್ ಕಚೇರಿಯಿಂದ ರಾಮಗಢದವರೆಗೆ: ಸಿನಿಮಾದ ಮೊದಲ ಹತ್ತು ನಿಮಿಷ

ಯಕ್ಷಗಾನದಲ್ಲಿ ಇಬ್ಬರು ಹಿಡಿದ ತೆರೆಯ ಹಿಂದೆ ಬಣ್ಣದ ವೇಷ ಅಬ್ಬರಿಸತೊಡಗಿದರೆ, ಬರುತ್ತಿರುವವನು ರಾಕ್ಷಸ ಎಂದು ಪ್ರೇಕ್ಷಕರಿಗೆ ಯಾರೂ ಹೇಳಬೇಕಾಗಿಲ್ಲ. ಕಿರೀಟದ ತುದಿ, ಚೆಂಡೆಯ ಪೆಟ್ಟು ಸಾಕು. ಸಿನಿಮಾದ ಆರಂಭವೂ ಹೀಗೆಯೇ. ಹಳೆಯ ಬಂಗಲೆಯ ಗೇಟು ಕಿರ್ರೆಂದರೆ ದೆವ್ವದ ಕಥೆ; ಬಯಲಿನಲ್ಲಿ ಕುದುರೆ ಸವಾರನೊಬ್ಬ ಕಂಡರೆ ಕೌಬಾಯ್ ಕಥೆ. ಆದರೆ ಈ ಗುರುತುಗಳನ್ನು ನಮಗೆ ಕಲಿಸಿದವರು ಯಾರು? ಸಿನಿಮಾ ಪ್ರಕಾರಗಳ ಚರಿತ್ರೆಯನ್ನು ಓದುತ್ತಿರುವ ನನಗೆ, ಇದಕ್ಕೆ ಉತ್ತರ ಹುಡುಕಲು ಅಮೆರಿಕದ ‘ವೆಸ್ಟರ್ನ್’ಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಎಡಿಸನ್ ಕಂಪನಿಗಾಗಿ ಎಡ್ವಿನ್ ಎಸ್. ಪೋರ್ಟರ್ 1903ರಲ್ಲಿ ತೆಗೆದ ‘ದಿ ಗ್ರೇಟ್ ಟ್ರೈನ್ ರಾಬರಿ’ ಸುಮಾರು ಹನ್ನೆರಡು ನಿಮಿಷದ ಚಿತ್ರ. ಅದು ಶುರುವಾಗುವುದು ಒಂದು ಟೆಲಿಗ್ರಾಫ್ ಕಚೇರಿಯಲ್ಲಿ. ದರೋಡೆಕೋರರು ಒಳನುಗ್ಗಿ ಅಲ್ಲಿನ ನೌಕರನನ್ನು ಕಟ್ಟಿಹಾಕುತ್ತಾರೆ. ಕಿಟಕಿಯಾಚೆ ರೈಲು ಬಂದು ನಿಲ್ಲುತ್ತದೆ. ದರೋಡೆಕೋರನೊಬ್ಬ ನೇರವಾಗಿ ಪ್ರೇಕ್ಷಕರತ್ತ ಗುಂಡು ಹಾರಿಸುವ ಪ್ರಸಿದ್ಧ ಶಾಟ್ ಇದೆಯಲ್ಲ, ಅದನ್ನು ಚಿತ್ರದ ಮೊದಲಿಗಾದರೂ ಕೊನೆಗಾದರೂ ತೋರಿಸಬಹುದು ಎಂದು ಕಂಪನಿಯ ಕ್ಯಾಟಲಾಗೇ ಪ್ರದರ್ಶಕರಿಗೆ ಹೇಳಿತ್ತು. ಅಂದರೆ ಆರಂಭ ಎಂಬುದಕ್ಕೆ ಇನ್ನೂ ಖಚಿತ ಕೆಲಸ ಇರಲಿಲ್ಲ.

ಇದನ್ನು ‘ಮೊದಲ ವೆಸ್ಟರ್ನ್’ ಎಂದು ನಾವು ಪರೀಕ್ಷೆಗಳಲ್ಲಿ ಬರೆಯುತ್ತೇವೆ. ಆದರೆ ಚಿತ್ರೀಕರಣ ಬಹುಪಾಲು ನಡೆದದ್ದು ಅಮೆರಿಕದ ಪೂರ್ವ ತೀರದ ನ್ಯೂಜೆರ್ಸಿಯಲ್ಲಿ. ಆಗ ರೈಲಿನ ಚಿತ್ರಗಳು, ಕಳ್ಳರನ್ನು ಬೆನ್ನಟ್ಟುವ ಚಿತ್ರಗಳು ಜನಪ್ರಿಯವಾಗಿದ್ದವು. ಅಂದಿನ ಪ್ರೇಕ್ಷಕರಿಗೆ ಇದು ಆ ಸಾಲಿನದು. ವೆಸ್ಟರ್ನ್ ಒಂದು ಪ್ರಕಾರವಾಗಿ ಇನ್ನೂ ನೆಲೆಗೊಂಡಿರಲಿಲ್ಲ. ಮುಂದೆ ಬಂದ ನೂರಾರು ಚಿತ್ರಗಳು ಇದಕ್ಕೆ ಆ ಹೆಸರನ್ನು ಹಿಂದಿನಿಂದ ಅಂಟಿಸಿದವು.

1939ರ ಹೊತ್ತಿಗೆ ಸ್ಥಿತಿ ಬದಲಾಗಿತ್ತು. ಜಾನ್ ಫೋರ್ಡ್‌ ನಿರ್ದೇಶನದ ‘ಸ್ಟೇಜ್‌ಕೋಚ್’ನ ಆರಂಭದಲ್ಲೂ ಟೆಲಿಗ್ರಾಫ್ ಇದೆ. ಸೈನಿಕರ ಶಿಬಿರಕ್ಕೆ ಸಂದೇಶ ಬರುತ್ತಿರುವಾಗ ತಂತಿ ತುಂಡಾಗುತ್ತದೆ. ತಲುಪಿದ್ದು ಒಂದೇ ಪದ: ಜೆರೊನಿಮೊ. 1886ರವರೆಗೂ ಅಮೆರಿಕದ ಸೇನೆಯ ವಿರುದ್ಧ ಹೋರಾಡಿದ ಅಪಾಚೆ ನಾಯಕನ ಹೆಸರು ಅದು. ಅವನು ಯಾರು, ಏಕೆ ಹೋರಾಡಿದ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಒಂದು ಹೆಸರು, ಸೈನಿಕರ ಮುಖದ ಗಾಬರಿ, ಅಷ್ಟರಿಂದಲೇ ಇಡೀ ಸಮುದಾಯ ಅಪಾಯದ ಸೂಚನೆಯಾಗುತ್ತದೆ. ಹಿನ್ನೆಲೆಯಲ್ಲಿರುವ ಮಾನ್ಯುಮೆಂಟ್ ವ್ಯಾಲಿ ನವಾಹೊ ಜನರ ನೆಲ. ಅಪಾಚೆಗಳಾಗಿ ಕುದುರೆ ಓಡಿಸಿದವರೂ ಆ ನವಾಹೊಗಳೇ.

ಒಮ್ಮೆ ಪ್ರೇಕ್ಷಕ ಪಳಗಿದ ಮೇಲೆ ನಿರ್ದೇಶಕರು ಅವನ ನಿರೀಕ್ಷೆಯ ಜೊತೆಗೇ ಆಡಬಹುದು. ಫ್ರೆಡ್ ಜಿನ್ನೆಮನ್‌ರ ‘ಹೈ ನೂನ್’ (1952) ಮೂವರು ದುಷ್ಟರು ಒಟ್ಟುಗೂಡುವುದರೊಂದಿಗೆ ಶುರುವಾಗುತ್ತದೆ. ಮಧ್ಯಾಹ್ನ ಹನ್ನೆರಡರ ರೈಲಿಗಾಗಿ ಅವರು ಕಾಯುತ್ತಾರೆ. ಇಟಲಿಯ ಸೆರ್ಜಿಯೊ ಲಿಯೋನೆ 1968ರಲ್ಲಿ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ನಲ್ಲಿ ಅದೇ ಕಾಯುವಿಕೆಯನ್ನು ಎಳೆದು ಎಳೆದು ತೋರಿಸಿದರು. ಅಲ್ಲಿ ಹಾಡಿಲ್ಲ. ಗಾಳಿಯಂತ್ರದ ಕಿರುಗುಟ್ಟುವಿಕೆ, ಟೋಪಿಯ ಮೇಲೆ ತೊಟ್ಟಿಕ್ಕುವ ನೀರು, ಮುಖದ ಮೇಲೆ ಹರಿದಾಡುವ ನೊಣ ಇವೇ ಸಂಗೀತ. ರೈಲು ಬರುತ್ತದೆ, ಕಾಯುತ್ತಿದ್ದ ಮೂವರೂ ಸಾಯುತ್ತಾರೆ. ನಿಲ್ದಾಣದಲ್ಲಿ ಕಾಯುವುದೆಂದರೆ ಏನೆಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಆ ಮೌನ ಬಿಗಿಯಾಗಿ ಕಾಣುತ್ತದೆ.

ಏಳು ವರ್ಷಗಳ ನಂತರ, 1975ರ ಆಗಸ್ಟ್ 15ರಂದು ತೆರೆಕಂಡ ರಮೇಶ್ ಸಿಪ್ಪಿಯವರ ‘ಶೋಲೆ’ಯಲ್ಲೂ ಒಂದು ಪುಟ್ಟ ನಿಲ್ದಾಣಕ್ಕೆ ರೈಲು ಬರುತ್ತದೆ. ಆದರೆ ಇಳಿಯುವವನು ಕೊಲೆಗಡುಕನಲ್ಲ, ಪೊಲೀಸ್ ಅಧಿಕಾರಿ. ಅವನನ್ನು ಕರೆದೊಯ್ಯಲು ಠಾಕೂರನ ಆಳು ರಾಮಲಾಲ್ ಬಂದಿದ್ದಾನೆ. ಇಬ್ಬರೂ ಕುದುರೆಯೇರಿ ಬಂಡೆಗಳ ನಡುವೆ ಸಾಗುವಾಗ ಆರ್.ಡಿ. ಬರ್ಮನ್‌ ಸಂಗೀತದೊಂದಿಗೆ ಹೆಸರುಗಳು ಮೂಡುತ್ತವೆ. ‘ಗಂಗಾ ಜಮುನಾ’ (1961), ‘ಮೇರಾ ಗಾಂವ್ ಮೇರಾ ದೇಶ್’ (1971) ಮುಂತಾದ ಡಕಾಯಿತರ ಚಿತ್ರಗಳನ್ನು ನೋಡಿದ್ದ ಪ್ರೇಕ್ಷಕರಿಗೆ ಎರಡು ಪರಂಪರೆಗಳು ಒಟ್ಟಿಗೇ ಗುರುತು ಸಿಕ್ಕವು. ಸ್ವಲ್ಪ ಹೊತ್ತಿನಲ್ಲೇ ಫ್ಲ್ಯಾಷ್‌ಬ್ಯಾಕಿನಲ್ಲಿ ರೈಲಿನ ಮೇಲೆ ಡಕಾಯಿತರ ದಾಳಿಯೂ ಬರುತ್ತದೆ. ಪೋರ್ಟರ್‌ ತೋರಿಸಿದ ದರೋಡೆ ಎಪ್ಪತ್ತೆರಡು ವರ್ಷಗಳಲ್ಲಿ ನಮ್ಮಲ್ಲಿಗೆ ಬಂದು ಮುಟ್ಟಿತ್ತು.

ಕುದುರೆಗಳು ಸಾಗುವ ಆ ಬಂಡೆಗಳು ನಮ್ಮ ರಾಮನಗರದವು. ಆದರೆ ಚಿತ್ರದಲ್ಲಿ ಅದು ರಾಮಗಢ. ಯಾವ ರಾಜ್ಯ, ಜನ ಯಾವ ಭಾಷೆಯವರು ಎಂಬ ಪ್ರಶ್ನೆಯೇ ಏಳುವುದಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು ಡಕಾಯಿತರ ಕಣಿವೆಯಾಗಿ ದೇಶಕ್ಕೆಲ್ಲ ಪರಿಚಯವಾಯಿತು. ನವಾಹೊಗಳ ನೆಲ ಕಳೆದುಕೊಂಡದ್ದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಅಲ್ಲಿ ತೆರೆಯಾಚೆಗೂ ಒಂದು ಜನಾಂಗದ ಮೇಲೆ ಹಿಂಸೆ ನಡೆದಿತ್ತು. ಆದರೆ ತೆರೆಯ ಮೇಲಿನ ವಿಧಾನ ಒಂದೇ: ಪ್ರಕಾರಕ್ಕೆ ಬೇಕಾದ ಭೂದೃಶ್ಯ ಉಳಿಯುತ್ತದೆ, ಅಲ್ಲಿ ಬದುಕುವವರು ಅದರಿಂದ ಜಾರಿಹೋಗುತ್ತಾರೆ.

ಆರಂಭದ ದೃಶ್ಯ ನಮಗೆ ಏನನ್ನು ನಿರೀಕ್ಷಿಸಬೇಕೆಂದು ಹೇಳುವುದರ ಜೊತೆಗೆ, ಏನನ್ನು ಕೇಳಬಾರದು ಎಂದೂ ಪಳಗಿಸುತ್ತದೆ. ಹಾಗಾಗಿ ಸಿನಿಮಾ ಓದುವ ಗೆಳೆಯರಿಗೆ ನನ್ನದೊಂದು ಸಲಹೆ. ಮೊದಲ ಹತ್ತು ನಿಮಿಷ ನೋಡಿ ನಿಲ್ಲಿಸಿ. ಈ ಗುರುತುಗಳನ್ನು ಹಿಂದಿನ ಯಾವ ಚಿತ್ರ ನನಗೆ ಕಲಿಸಿತು, ಈ ನೆಲ ನಿಜವಾಗಿ ಯಾರದು ಎಂದು ಬರೆದುಕೊಳ್ಳಿ. ಉಳಿದದ್ದನ್ನು ಆಮೇಲೆ ನೋಡಬಹುದು.