ಗದ್ದೆಯಿಂದ ವೇದಿಕೆಗೆ ಬಂದ ಮುಟ್ಟಾಳೆ

ಕರ್ನಾಟಕದಲ್ಲಿ ಸನ್ಮಾನವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅದರ ಮೇಲೊಂದು ಮೈಸೂರು ಪೇಟ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತುಳು ಕಾರ್ಯಕ್ರಮಗಳಲ್ಲಿ ಅತಿಥಿಯ ತಲೆಗೇರುವುದು ಬೇರೆಯೇ ಒಂದು. ಅದು ಅಡಿಕೆ ಹಾಳೆಯ ಟೊಪ್ಪಿ, ತುಳುವರ ಮುಟ್ಟಾಳೆ. ಪೇಟ ಅರಮನೆಯಿಂದ ಬಂದದ್ದು. ಮುಟ್ಟಾಳೆ ಬಂದದ್ದು ಬೆವರಿನಿಂದ.

ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಬಿದ್ದ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆದು ಮಾಡಬೇಕು. ಹೊರಗಿನ ಒರಟು ಪದರವನ್ನು ಸುಲಿದು ತೆಗೆದರೆ ಒಳಗಿನ ಭಾಗ ತೊಗಲಿನಂತೆ ಬಾಗುತ್ತದೆ. ತಲೆಯ ಅಳತೆಗೆ ಮಡಚಿ, ನೆರಿಗೆ ಹಿಡಿದು, ಸೂಜಿ ದಾರದಲ್ಲಿ ಹೊಲಿದರೆ ಟೊಪ್ಪಿ ಸಿದ್ಧ. ದುಡ್ಡಿನ ಖರ್ಚಿಲ್ಲ. ಹರಿದರೆ ಮರದ ಬುಡದಲ್ಲಿ ಇನ್ನೊಂದು ಹಾಳೆ ಬಿದ್ದಿರುತ್ತದೆ.

ಇದರ ಉಪಯೋಗ ತಲೆಗೆ ನೆರಳು ಕೊಡುವುದಷ್ಟೇ ಆಗಿರಲಿಲ್ಲ. ಗುಡ್ಡದಿಂದ ಸೊಪ್ಪಿನ ಹೊರೆ ತರುವಾಗ, ಹಟ್ಟಿಗೊಬ್ಬರದ ಬುಟ್ಟಿಯನ್ನು ಗದ್ದೆಗೆ ಹೊರುವಾಗ ಇದೇ ಮೆತ್ತೆ. ಗೊಬ್ಬರದ ನೀರು ತಲೆಗೆ ಇಳಿಯದಂತೆ ತಡೆಯುವುದೂ ಇದೇ. ಬಾಯಾರಿದಾಗ ತೋಡಿನ ನೀರನ್ನು ಮೊಗೆದು ಕುಡಿಯುವುದಕ್ಕೂ ಆಗುತ್ತಿತ್ತು. ಜಡಿಮಳೆಗೆ ಗೊರಬೆ ಬೇರೆಯೇ ಇತ್ತು. ಹನಿಮಳೆಗೆ ಮುಟ್ಟಾಳೆ ಸಾಕು. ಸೊಂಟಕ್ಕೊಂದು ತುಂಡು ಬಟ್ಟೆ, ತಲೆಗೊಂದು ಹಾಳೆ. ತುಳುನಾಡಿನ ದುಡಿಯುವ ಗಂಡಸಿನ ಉಡುಪು ಬಹುಕಾಲ ಇಷ್ಟೇ ಆಗಿತ್ತು.

ತೋಟದ ಯಜಮಾನನೂ ಕೆಲಸಕ್ಕೆ ಇಳಿದಾಗ ಮುಟ್ಟಾಳೆ ಇಡುತ್ತಿದ್ದ, ನಿಜ. ಆದರೆ ಕೆಲಸ ಮುಗಿದ ಮೇಲೆ ಅವನ ಮುಟ್ಟಾಳೆ ಗೂಟಕ್ಕೆ ಹೋಗುತ್ತಿತ್ತು. ದೈವದ ನೇಮಕ್ಕೆ ಹೊರಡುವಾಗ ಗುತ್ತಿನ ಹಿರಿಯನ ತಲೆಯ ಮೇಲಿರುವುದು ಬಿಳಿಯ ಮುಂಡಾಸು. ಮೂಲದಾಳಿಗೆ ಅಂಥ ಎರಡನೆಯ ತಲೆಯುಡುಗೆ ಇರಲಿಲ್ಲ. ಇದ್ದ ಒಂದನ್ನೂ ಧಣಿಯ ಅಂಗಳಕ್ಕೆ ಬಂದಾಗ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಯಾರ ತಲೆಯ ಮೇಲೆ ಏನಿದೆ ಎಂಬುದನ್ನು ನೋಡಿದರೆ ಸಾಕು, ಅವನು ಚಾವಡಿಯವನೋ ಅಂಗಳದವನೋ ತಿಳಿಯುತ್ತಿತ್ತು.

ಅಂಗಳದ ಆಚೆಗೂ ಒಂದು ಸಮುದಾಯವಿತ್ತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಗ್ರಂಥದಲ್ಲಿ ಕೊರಗರ ಒಳಪಂಗಡಗಳ ಹೆಸರುಗಳಿವೆ: ಸೊಪ್ಪು ಕೊರಗ, ವಸ್ತ್ರ ಕೊರಗ, ಅಂಡೆ ಕೊರಗ. ಸೊಪ್ಪು ಕೊರಗರೆಂದರೆ ಬಟ್ಟೆಯ ಬದಲು ಎಲೆ ಉಡಬೇಕಾಗಿದ್ದವರು. ವಸ್ತ್ರ ಕೊರಗರಿಗೆ ದೊರೆಯುತ್ತಿದ್ದದ್ದು ಹೆಣಕ್ಕೆ ಹೊದಿಸಿದ ಬಟ್ಟೆ. ಅಂಡೆ ಕೊರಗರು ದಾರಿಯಲ್ಲಿ ಉಗುಳದಂತೆ ಕುತ್ತಿಗೆಗೆ ಅಂಡೆ ಕಟ್ಟಿಕೊಂಡು ತಿರುಗಬೇಕಿತ್ತು. ಮೂರು ಹೆಸರುಗಳಲ್ಲಿ ಮೂರೂ ಮೈಮೇಲೆ ಹೇರಿದ ಗುರುತುಗಳೇ. ಉಡುಗೆ ತೊಡುಗೆಯ ಇತಿಹಾಸ ಬರೆಯುವವರು ಪಟ್ಟೆ, ಜರಿ, ಆಭರಣಗಳನ್ನು ವರ್ಣಿಸುವಾಗ ಈ ಪುಟವನ್ನು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ.

ಮುಟ್ಟಾಳೆಯ ಅರ್ಥ ಬದಲಾಗಲು ಭೂಮಿಯ ಒಡೆತನ ಬದಲಾಗಬೇಕಾಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಜಿಲ್ಲೆಯ ಗೇಣಿ ಒಕ್ಕಲುಗಳಲ್ಲಿ ಬಹಳ ಮಂದಿ ಸ್ವಂತ ಭೂಮಿಯ ಒಡೆಯರಾದರು. ಮಕ್ಕಳು ಶಾಲೆಗೆ ಹೋದರು. ಮುಂಬೈಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಗದ್ದೆಗಳು ಅಡಿಕೆ ತೋಟಗಳಾದವು, ತಲೆಹೊರೆಯ ಕೆಲಸ ಕಡಿಮೆಯಾಯಿತು. ದಿನಬಳಕೆಯಿಂದ ಮರೆಯಾಗತೊಡಗಿದ ಮೇಲೆಯೇ ಮುಟ್ಟಾಳೆಗೆ ಅಭಿಮಾನದ ಸ್ಥಾನ ಸಿಕ್ಕಿತು. 1994ರಲ್ಲಿ ತುಳು ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. 2009ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ವಿಶ್ವ ತುಳು ಸಮ್ಮೇಳನ ನಡೆಯಿತು. ಊರೂರಿನಲ್ಲಿ ‘ಆಟಿಡೊಂಜಿ ದಿನ’, ‘ಕೆಸರ್‌ಡೊಂಜಿ ದಿನ’ಗಳು ಆರಂಭವಾದವು. ಧಣಿಯ ಎದುರು ತಲೆಯಿಂದ ಇಳಿಯುತ್ತಿದ್ದ ಟೊಪ್ಪಿಯನ್ನು ಈಗ ಮಂತ್ರಿಯ ತಲೆಗೆ ಇಡುತ್ತಾರೆ.

ಇಂಥ ಮಾರ್ಪಾಡು ತುಳುನಾಡಿಗೆ ಮಾತ್ರ ಸೇರಿದ್ದಲ್ಲ. ಸ್ಕಾಟ್ಲೆಂಡಿನ ಬೆಟ್ಟಗಾಡಿನ ಜನರ ಲಂಗದಂಥ ಉಡುಪು ಕಿಲ್ಟ್. 1746ರ ಕಾನೂನು ಅದನ್ನು ನಿಷೇಧಿಸಿತು. 1782ರಲ್ಲಿ ನಿಷೇಧ ಹೋಯಿತು. 1822ರಲ್ಲಿ ಎಡಿನ್‌ಬರೋಗೆ ಬಂದ ದೊರೆ ನಾಲ್ಕನೆಯ ಜಾರ್ಜ್ ತಾನೇ ಅದನ್ನು ಉಟ್ಟ. ಇಂದು ಅದು ಇಡೀ ಸ್ಕಾಟ್ಲೆಂಡಿನ ಉಡುಪು. ಕಷ್ಟಪಟ್ಟವರ ಬಟ್ಟೆಯನ್ನು ನಾಡು ತನ್ನದೆಂದು ಒಪ್ಪಿಕೊಳ್ಳುವುದು ಒಳ್ಳೆಯದೇ. ಆ ಕಷ್ಟಪಟ್ಟವರಿಗೆ ಹಾಗೆ ಅನಿಸುತ್ತದೆಯೇ ಎಂದು ಕೇಳುವವರು ಮಾತ್ರ ಕಡಿಮೆ.

ತುಳುನಾಡಿನಲ್ಲಿ ಈ ಪ್ರಶ್ನೆ ಇನ್ನೂ ಹಸಿಯಾಗಿದೆ. ಮುಟ್ಟಾಳೆ ಧರಿಸಿದ ಕೊರಗಜ್ಜನಿಗೆ ಇಂದು ಎಲ್ಲ ಜಾತಿಯವರೂ ಚಕ್ಕುಲಿ, ವೀಳ್ಯದೆಲೆ ಇಟ್ಟು ಹರಕೆ ಹೇಳುತ್ತಾರೆ. ಕಳೆದುಹೋದ ದನದಿಂದ ಹಿಡಿದು ಮಗಳ ಮದುವೆಯವರೆಗೆ ಎಲ್ಲ ಕಷ್ಟಕ್ಕೂ ಅವನೇ ದಿಕ್ಕು. ಪಾಡ್ದನದ ಪ್ರಕಾರ ಅವನು ಕೊರಗರ ಹುಡುಗ ತನಿಯ. ಸಾಕಿದವಳು ಮೈರಕ್ಕೆ ಬೈದೆತಿ. ಅವನ ಕುಲದವರನ್ನು ಮಾತ್ರ ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮುಂಚೆ ಓಡಿಸುವ, ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ಮುಂದುವರಿದೇ ಇತ್ತು. ಅದನ್ನು ನಿಷೇಧಿಸಲು ರಾಜ್ಯ ಸರಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರ ಸಂಖ್ಯೆ ಹದಿನೈದು ಸಾವಿರಕ್ಕಿಂತ ಕಡಿಮೆ.

ಹಬ್ಬದ ವೇಷಗಳಲ್ಲಿ ಮೈಗೆ ಮಸಿ ಬಳಿದು, ಮುಟ್ಟಾಳೆ ಇಟ್ಟು ‘ಕೊರಗ ವೇಷ’ ಹಾಕುವುದನ್ನು ಕೊರಗ ಸಂಘಟನೆಗಳು ವಿರೋಧಿಸುತ್ತ ಬಂದಿರುವುದಕ್ಕೆ ಕಾರಣ ಇದೇ. ವೇದಿಕೆಯ ಮೇಲಿನ ಮುಟ್ಟಾಳೆ ಗೌರವ. ಬೀದಿಯ ವೇಷದ ಮುಟ್ಟಾಳೆ ಗೇಲಿ. ಹಾಳೆ ಎರಡರಲ್ಲೂ ಒಂದೇ.

ಈಗ ತೋಟದ ಹಾಳೆ ಹೆಚ್ಚಾಗಿ ಊಟದ ತಟ್ಟೆ ಒತ್ತುವ ಯಂತ್ರಗಳಿಗೆ ಹೋಗುತ್ತದೆ. ಕೈಯಿಂದ ಮುಟ್ಟಾಳೆ ಕಟ್ಟಬಲ್ಲವರು ಬಹುತೇಕ ವಯಸ್ಸಾದವರು. ಸಮಾರಂಭಕ್ಕೆ ಐವತ್ತೋ ನೂರೋ ಬೇಕಾದಾಗ ಸಂಘಟಕರು ವಿಚಾರಿಸಿಕೊಂಡು ಹೋಗುವುದು ಇವರ ಮನೆಗೇ. ಆಮಂತ್ರಣ ಪತ್ರಿಕೆಯಲ್ಲಿ ಇವರ ಹೆಸರು ಇರುವುದು ಅಪರೂಪ.