ವೈದ್ಯರ ಪಟ್ಟಿಯೂ ಗಡಿನಾಡಿನ ರೋಗಿಯೂ

1956ರವರೆಗೆ ಉದಗೀರ, ನಿಲಂಗಾ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಉಮರಗಾ ಉಸ್ಮಾನಾಬಾದ ಜಿಲ್ಲೆಗೆ ಸೇರಿತ್ತು. ಭಾಲ್ಕಿ ಕಡೆಯ ನಾಟಿವೈದ್ಯನು ನಿಲಂಗಾ ಕಡೆಯ ರೋಗಿಯ ನಾಡಿ ಹಿಡಿದರೆ ಅದನ್ನು ಪ್ರಶ್ನಿಸುವವರಿರಲಿಲ್ಲ. ಅವನ ಯೋಗ್ಯತೆಗೆ ನೆರೆಹೊರೆಯವರ ಮಾತೇ ಪ್ರಮಾಣ. ಕೈಗುಣವಿದ್ದವರನ್ನು ಜನ ನೆನೆಯುತ್ತಿದ್ದರು. ಅವರ ಕೈಯಲ್ಲಿ ಸತ್ತವರ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿರಲಿಲ್ಲ. ಹಳೆಯ ಕಾಲವನ್ನು ಹೊಗಳುವ ನಮ್ಮ ಗೆಳೆಯರು ಇದನ್ನು ಮರೆಯುತ್ತಾರೆ.

ಆ ಹೊತ್ತಿಗೆ ಮುಂಬಯಿ ಪ್ರಾಂತದಲ್ಲಿ ಅಲೋಪಥಿ ವೈದ್ಯರ ನೋಂದಣಿಗೆ 1912ರ ಕಾಯ್ದೆಯೂ, ವೈದ್ಯ-ಹಕೀಮರಿಗೆ 1938ರ ಕಾಯ್ದೆಯೂ ಬಂದಿದ್ದವು. ಎರಡನೆಯದರಲ್ಲಿ, ಪದವಿಯಿಲ್ಲದಿದ್ದರೂ ಮೊದಲಿನಿಂದ ವೃತ್ತಿಯಲ್ಲಿದ್ದವರಿಗೆ ಪ್ರತ್ಯೇಕ ಪಟ್ಟಿಯಿತ್ತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು, ಮುಂಬಯಿ, ಆಂಧ್ರಗಳಿಗೆ ಹಂಚಿಹೋಯಿತು. ಬಳಿಕ ಮಹಾರಾಷ್ಟ್ರವು ಆಯುರ್ವೇದ, ಯುನಾನಿ ವೈದ್ಯರಿಗಾಗಿ 1961ರ ಕಾಯ್ದೆಯನ್ನು ತಂದಿತು; ಮೈಸೂರು ರಾಜ್ಯದ ಕಾಯ್ದೆಯೂ 1961ರದೇ. ಒಂದೇ ಜಿಲ್ಲೆಯಲ್ಲಿದ್ದ ಊರುಗಳ ವೈದ್ಯರ ಹೆಸರುಗಳು ಹೀಗೆ ಎರಡು ರಾಜ್ಯಗಳ ಬೇರೆಬೇರೆ ಪುಸ್ತಕಗಳಿಗೆ ಸೇರಿದವು. ಗಡಿ ದಾಟುವ ರೋಗಿಗೆ ಇದು ತಿಳಿಯುವುದು ಹೇಗೆ?

ನಾವು ಉಮರಗಾ ತಾಲ್ಲೂಕಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ, ಜ್ವರಕ್ಕೆಂದು ಚುಚ್ಚಿಸಿಕೊಂಡ ಸೂಜಿಯಿಂದ ಒಬ್ಬ ವಿದ್ಯಾರ್ಥಿಯ ತೊಡೆ ಕೀವು ತುಂಬಿ ಬಾತುಕೊಂಡಿತು. ಅವನ ತಂದೆ ನಮ್ಮನ್ನು ಆ ದವಾಖಾನೆಗೆ ಕರೆದೊಯ್ದರು. “ಗುರೂಜಿ, ಗ್ವಾಡಿಗಿ ಸರ್ಟಿಫಿಕೇಟ್ ತೂಗ ಹಾಕ್ಯಾರ. ಏನ ಬರದಾರ, ಒಂದೀಟು ಓದಿ ಹೇಳ್ರಿ” ಎಂದರು. ಚೌಕಟ್ಟಿನೊಳಗೆ ಮರಾಠಿಯಲ್ಲಿದ್ದುದು ಔಷಧ ಅಂಗಡಿಯೊಂದರಲ್ಲಿ ದುಡಿದ ಅನುಭವಪತ್ರ! ಅದೇ ಗೋಡೆಯನ್ನು ನಾವೂ ಹಿಂದೆ ಎರಡು ಬಾರಿ ನೋಡಿದ್ದೆವು, ಓದಿರಲಿಲ್ಲ. ದೂರು ಬರೆದುಕೊಟ್ಟೆವು. ವಿಚಾರಣೆ ಬರುವಷ್ಟರಲ್ಲಿ ಆ ಮನುಷ್ಯನು ಗಡಿಯಾಚೆಯ ಊರಿನಲ್ಲಿ ಅದೇ ಫಲಕವನ್ನು ತೂಗುಹಾಕಿದ್ದನು.

2002ರ ನಿಯಮಾವಳಿಯಂತೆ ಅಲೋಪಥಿ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲೂ ಔಷಧ ಚೀಟಿಯಲ್ಲೂ ಹಣದ ರಸೀದಿಯಲ್ಲೂ ತೋರಿಸತಕ್ಕದ್ದು. ಒಳ್ಳೆಯ ನಿಯಮವೇ. ಆದರೆ ಉದಗೀರದ ರೋಗಿಯು ಬೀದರದಲ್ಲಿ ಚಿಕಿತ್ಸೆ ಪಡೆದು ನೊಂದರೆ, ಅವನ ದೂರು ಸಾಮಾನ್ಯವಾಗಿ ಬೆಂಗಳೂರಿನ ಪರಿಷತ್ತಿಗೆ ಹೋಗಬೇಕು, ಸೊಲ್ಲಾಪುರದಲ್ಲಾದರೆ ಮುಂಬಯಿಗೆ. ಇದನ್ನು ತಿಳಿಸುವ ಒಂದು ಹಲಗೆಯನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಸಿ ನಮ್ಮ ಬಸ್ ನಿಲ್ದಾಣಗಳಲ್ಲಿ ಇಡಲು ಸಂಘವು ಯತ್ನಿಸಬಾರದೇಕೆ?

ಆ ಹುಡುಗನು ಈಗ ಎರಡು ಮಕ್ಕಳ ತಂದೆ. ತೊಡೆಯ ಮೇಲಿನ ಕಲೆ ಹಾಗೆಯೇ ಇದೆ. ಚೀಟಿ ಕೈಗೆ ಬಂದೊಡನೆ ಅವನು ಮೊದಲು ಹುಡುಕುವುದು ಸಂಖ್ಯೆಯನ್ನು.