ತಗ್ಗಿಸಿದ ಕಾರಿನ ಶಾಕ್ ಅಬ್ಸಾರ್ಬರ್ ಮತ್ತು ಸ್ಟ್ರಟ್

ಕಾರಿನ ಎತ್ತರವನ್ನು ಕಾರ್ಖಾನೆ ಕೊಟ್ಟದ್ದಕ್ಕಿಂತ ತಗ್ಗಿಸಿದಾಗ ಚಕ್ರಗಳಿಗೆ ಮೇಲೆ ಸರಿಯಲು ಇರುವ ಜಾಗವೂ ಕಡಿಮೆಯಾಗುತ್ತದೆ. ನುಣುಪಾದ ರಸ್ತೆಯಲ್ಲಿ ಈ ನಷ್ಟ ಅಷ್ಟಾಗಿ ಗೊತ್ತಾಗದು. ಗುಂಡಿ, ಹಂಪ್, ಡಾಂಬರು ಕಿತ್ತುಹೋದ ಅಂಚುಗಳಿರುವ ರಸ್ತೆಯಲ್ಲಿ ಕಾರಿನ ಆಯುಷ್ಯ ನಿಂತಿರುವುದೇ ಆ ಉಳಿದ ಜಾಗದ ಮೇಲೆ. ಅಂಥ ಕಾರಿಗೆ ಶಾಕ್ ಆರಿಸುವವರು ಬಿಗಿ ಎಷ್ಟೆಂದು ವಿಚಾರಿಸುವ ಮೊದಲು ಚಲನೆ ಎಷ್ಟು ಉಳಿದಿದೆ ಎಂದು ಅಳೆಯಬೇಕು.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಎಣ್ಣೆ ತುಂಬಿದ ಕೊಳವೆಯಲ್ಲಿ ಪಿಸ್ಟನ್ ಓಡಾಡುವಾಗ ಎಣ್ಣೆ ಸಣ್ಣ ಕಿಂಡಿಗಳನ್ನು, ಉಕ್ಕಿನ ತೆಳು ಬಿಲ್ಲೆಗಳ ವಾಲ್ವನ್ನು ದಾಟಿ ನುಗ್ಗಬೇಕಾಗುತ್ತದೆ; ಚಲನೆಯ ಶಕ್ತಿ ಹೀಗೆ ಶಾಖವಾಗುತ್ತದೆ. ಸ್ಟ್ರಟ್‌ನಲ್ಲಿ ಶಾಕ್ ಅಬ್ಸಾರ್ಬರೇ ಚಕ್ರವನ್ನು ನೆಟ್ಟಗೆ ಹಿಡಿಯುವ ಕಂಬವೂ ಆಗಿರುತ್ತದೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಜೋಡಣೆ 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಬಂತು. ಇಂದು ಭಾರತದ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಇದೇ. ಹಿಂಭಾಗದಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ.

ಚಕ್ರ ಮೇಲೇರುತ್ತಾ ಹೋದರೆ ಕೊನೆಗೆ ತಾಗುವುದು ಬಂಪ್ ಸ್ಟಾಪ್‌ಗೆ. ಶಾಕ್‌ನ ರಾಡಿಗೆ ತೊಡಿಸಿದ, ಒತ್ತಿದಷ್ಟೂ ಗಟ್ಟಿಯಾಗುವ ಪಾಲಿಯುರೆಥೇನ್ ತುಂಡು ಅದು. ಒಂದು ಕಾರಿನಲ್ಲಿ ಅಲ್ಲಿಯವರೆಗೆ 60 ಮಿ.ಮೀ. ಜಾಗವಿದೆ ಎಂದಿಟ್ಟುಕೊಳ್ಳೋಣ. ಕಾರನ್ನು 35 ಮಿ.ಮೀ. ತಗ್ಗಿಸಿದರೆ ಉಳಿಯುವುದು 25. ಸ್ಪ್ರಿಂಗ್ ನುಂಗುವ ಶಕ್ತಿ ಅದು ಕುಗ್ಗಿದ ದೂರದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅದೇ ಏಟನ್ನು 25 ಮಿ.ಮೀ. ಒಳಗೆ ನುಂಗಲು ಸ್ಪ್ರಿಂಗ್ ಸುಮಾರು ಆರು ಪಟ್ಟು ಬಿಗಿಯಾಗಿರಬೇಕು. ರಸ್ತೆಗಿಳಿಯುವ ಕಾರಿಗೆ ಅಂಥ ಸ್ಪ್ರಿಂಗ್ ಹಾಕಲಾಗದು. ಹೀಗಾಗಿ ಏಟು ಬಂಪ್ ಸ್ಟಾಪ್ ಮೂಲಕ ನೇರ ಕಾರಿನ ಮೈಗೆ ಹೋಗುತ್ತದೆ: ಸ್ಟ್ರಟ್ ಮೌಂಟಿನ ರಬ್ಬರ್ ಹರಿಯುತ್ತದೆ, ರಾಡ್ ಬಾಗುತ್ತದೆ, ಸೀಲಿನಿಂದ ಎಣ್ಣೆ ಜಿನುಗುತ್ತದೆ. ಜಾಗ ಸಿಗಲೆಂದು ಬಂಪ್ ಸ್ಟಾಪನ್ನೇ ತೆಗೆದುಹಾಕುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಆಗ ಪಿಸ್ಟನ್ ಹೋಗಿ ಶಾಕ್‌ನ ತಳದ ವಾಲ್ವಿಗೇ ಬಡಿಯುತ್ತದೆ. ಗ್ಯಾಸ್ ಕಟರ್‌ನಲ್ಲಿ ಸ್ಪ್ರಿಂಗಿನ ಸುತ್ತು ಕತ್ತರಿಸುವುದೂ ಅಷ್ಟೇ ಅಪಾಯಕಾರಿ. ಶಾಖಕ್ಕೆ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ, ಚಕ್ರ ಗುಂಡಿಗೆ ಇಳಿದಾಗ ಗಿಡ್ಡ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಜಾರಬಹುದು.

ತಗ್ಗಿಸುವ ಸ್ಪ್ರಿಂಗುಗಳು ಮೂಲ ಸ್ಪ್ರಿಂಗಿಗಿಂತ ಬಿಗಿಯಾಗಿರುತ್ತವೆ, ಆದ್ದರಿಂದ ಶಾಕ್ ಕೂಡ ಬಿಗಿಯಾಗಬೇಕು ಎಂಬುದು ನಿಜ. ಆದರೆ ಬೇಕಾಗುವ ಹೆಚ್ಚಳ ಜನ ಎಣಿಸುವುದಕ್ಕಿಂತ ಕಡಿಮೆ. ಸ್ಪ್ರಿಂಗ್ ಶೇ. 40ರಷ್ಟು ಬಿಗಿಯಾದರೆ ಕುಣಿತವನ್ನು ಮೊದಲಿನ ಹದದಲ್ಲೇ ಅಡಗಿಸಲು ಶಾಕ್‌ನ ತಡೆ ಸುಮಾರು ಶೇ. 18ರಷ್ಟು ಹೆಚ್ಚಿದರೆ ಸಾಕು. ಇದನ್ನು ಮೀರಿ, ಮುಖ್ಯವಾಗಿ ಸ್ಪ್ರಿಂಗ್ ವಾಪಸು ಹಿಗ್ಗುವಾಗಿನ ತಡೆಯನ್ನು, ಅಂದರೆ ರೀಬೌಂಡನ್ನು ಅತಿಯಾಗಿ ಬಿಗಿ ಮಾಡಿದರೆ ಸಾಲುಗುಂಡಿಗಳ ರಸ್ತೆಯಲ್ಲಿ ಹೊಸ ತೊಂದರೆ ಹುಟ್ಟುತ್ತದೆ. ಒಂದು ಏಟಿನಿಂದ ಮೇಲೆದ್ದ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಏಟು ಬೀಳುತ್ತದೆ. ಕಾರು ಹಂತಹಂತವಾಗಿ ಕುಸಿದು, ಮೊದಲೇ ಕಡಿಮೆಯಿದ್ದ ಜಾಗವೂ ಇಲ್ಲವಾಗುತ್ತದೆ. ‘ಸ್ಪೋರ್ಟ್’ ಎಂದು ಬರೆದ ಶಾಕ್ ಹಾಕಿದ ಮೇಲೂ ತಳ ಬಡಿಯುವುದು ನಿಲ್ಲಲಿಲ್ಲ ಎಂಬ ದೂರಿನ ಹಿಂದೆ ಇದೂ ಒಂದು ಕಾರಣ.

ಒಳ್ಳೆಯ ಶಾಕ್ ಪಿಸ್ಟನ್ನಿನ ವೇಗ ನೋಡಿ ವರ್ತಿಸುತ್ತದೆ. ತಿರುವಿನಲ್ಲಿ ಕಾರು ವಾಲುವಾಗ, ಬ್ರೇಕಿಗೆ ಮೂಗು ತಗ್ಗುವಾಗ ಪಿಸ್ಟನ್ ನಿಧಾನವಾಗಿ ಸರಿಯುತ್ತದೆ. ಅಲ್ಲಿ ತಡೆ ಬೇಕು. ಗುಂಡಿಯ ಅಂಚಿಗೆ ಬಡಿದಾಗ ಅದು ರಭಸದಿಂದ ನುಗ್ಗುತ್ತದೆ. ಆಗ ವಾಲ್ವ್ ತೆರೆದು ಎಣ್ಣೆಗೆ ದಾರಿ ಬಿಡಬೇಕು. ಕೆಟ್ಟ ರಸ್ತೆಗೆ ಹುಡುಕಬೇಕಾದ ಗುಣ ಇದು. ಕೋನಿ ಕಂಪನಿಯ ಎಫ್‌ಎಸ್‌ಡಿ ಶಾಕ್‌ಗಳು ಕಂಪನ ವೇಗವಾದಾಗ ತಡೆಯನ್ನು ತಾವೇ ಇಳಿಸಿಕೊಳ್ಳುತ್ತವೆ.

ಉದ್ದವೂ ಹೊಂದಬೇಕು. ತಗ್ಗಿದ ಕಾರಿನಲ್ಲಿ ಮೂಲ ಶಾಕ್‌ನ ಪಿಸ್ಟನ್ ಸದಾ ಕೊಳವೆಯ ಕೆಳಭಾಗದಲ್ಲೇ ಕೆಲಸ ಮಾಡುತ್ತದೆ. ಬಿಲ್‌ಸ್ಟೈನ್ ಕಂಪನಿ ಮೂಲ ಎತ್ತರದ ಕಾರಿಗೆ ಬಿ6, ತಗ್ಗಿಸಿದ ಕಾರಿಗೆ ಗಿಡ್ಡ ಮೈಯ ಬಿ8 ಎಂದು ಎರಡು ಬಗೆ ಮಾಡಿರುವುದು ಇದಕ್ಕೇ. ಎತ್ತರ ಬದಲಿಸಬಹುದಾದ ಕಾಯಿಲೋವರ್ ಕೊಳ್ಳುವವರೂ ಒಂದು ವಿಷಯ ಗಮನಿಸಬೇಕು: ಸ್ಪ್ರಿಂಗಿನ ಬಟ್ಟಲನ್ನು ತಿರುಗಿಸಿ ಮಾತ್ರ ಇಳಿಸುವ ಬಗೆಯಲ್ಲಿ ಚಲನೆ ಕರಗುತ್ತದೆ, ಕೆಳಗಿನ ಬ್ರಾಕೆಟ್ಟನ್ನು ತಿರುಗಿಸಿ ಇಡೀ ಸ್ಟ್ರಟ್ಟಿನ ಉದ್ದ ಕುಗ್ಗಿಸುವ ಬಗೆಯಲ್ಲಿ ಶಾಕ್‌ನ ಚಲನೆ ಉಳಿಯುತ್ತದೆ, ಆದರೆ ಟೈರ್ ಮಡ್‌ಗಾರ್ಡಿನ ಒಳಗೆ ಉಜ್ಜದಂತೆ ನೋಡಿಕೊಳ್ಳಬೇಕು.

ಒಂದೇ ಕೊಳವೆಯ ಮಾನೋಟ್ಯೂಬ್ ಶಾಕ್ ಬಿಸಿಯನ್ನು ಬೇಗ ಹೊರಹಾಕುತ್ತದೆ, ಬಹಳ ಹೊತ್ತು ಕುಣಿದರೂ ಸೋಲುವುದಿಲ್ಲ. ಆದರೆ ಕಲ್ಲು ಬಡಿದು ಅದರ ಮೈ ತಗ್ಗಾದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯ ಟ್ವಿನ್‌ಟ್ಯೂಬಿನಲ್ಲಿ ಏಟು ಹೊರಗಿನ ಕೊಳವೆಗೆ ಮಾತ್ರ. ಜಲ್ಲಿ ಹಾರುವ ದಾರಿಯಲ್ಲಿ ದಿನವೂ ಓಡುವ ಸಾಧಾರಣ ಕಾರಿಗೆ ಗ್ಯಾಸ್ ತುಂಬಿದ ಒಳ್ಳೆಯ ಟ್ವಿನ್‌ಟ್ಯೂಬೇ ಸಾಕು, ಬೆಲೆಯೂ ಹಗುರ. ಇನ್ನೊಂದು ದಾರಿ ಹೈಡ್ರಾಲಿಕ್ ಬಂಪ್ ಸ್ಟಾಪ್: ಚಲನೆಯ ಕೊನೆಯ ಭಾಗದಲ್ಲಿ ಎಣ್ಣೆಯೇ ಏಟನ್ನು ತಡೆದು ನಿಧಾನಿಸುತ್ತದೆ. 2021ರಲ್ಲಿ ಭಾರತಕ್ಕೆ ಬಂದ ಸಿಟ್ರೊಯೆನ್ ಸಿ5 ಏರ್‌ಕ್ರಾಸ್‌ನಲ್ಲಿ ಇದಿದೆ.

ಕಾರಿನ ಹೊಟ್ಟೆ ಹಂಪ್‌ಗೆ ತಾಗುವುದಕ್ಕೆ ಮಾತ್ರ ಯಾವ ಶಾಕ್‌ನಲ್ಲೂ ಪೂರ್ತಿ ಪರಿಹಾರವಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪ್ರಮಾಣದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು. ಸ್ವಿಫ್ಟ್‌ನಂಥ 2.45 ಮೀಟರ್ ಚಕ್ರಾಂತರದ ಕಾರಿನ ನಾಲ್ಕೂ ಚಕ್ರ ಅದರ ಮೇಲಿರುವಾಗ ನಡುವೆ ಉಬ್ಬುವುದು ಸುಮಾರು 44 ಮಿ.ಮೀ. ಮಾತ್ರ. ಅಷ್ಟೇ ಎತ್ತರದ ಕಿರಿದಾದ ಹಂಪ್ ಎರಡು ಚಕ್ರಗಳ ನಡುವೆ ಬಂದರೆ ಪೂರ್ತಿ 100 ಮಿ.ಮೀ. ಉಬ್ಬು ಹೊಟ್ಟೆಯ ಕೆಳಗಿರುತ್ತದೆ. ನೆಲದಿಂದ 163 ಮಿ.ಮೀ. ತೆರಪಿರುವ ಕಾರನ್ನು 40 ಮಿ.ಮೀ. ತಗ್ಗಿಸಿ, ಜನ ಕೂತಾಗ ಇನ್ನೂ 30 ಇಳಿದರೆ ಉಳಿಯುವುದು 93. ನಮ್ಮ ಊರುಗಳ ಬೀದಿ ಹಂಪ್‌ಗಳು ಬಹುಮಟ್ಟಿಗೆ ಕಿರಿದಾದವೇ. ದಿನವೂ ಅವುಗಳ ಮೇಲೆ ಓಡುವ ಕಾರನ್ನು 20–25 ಮಿ.ಮೀ.ಗಿಂತ ಹೆಚ್ಚು ತಗ್ಗಿಸದಿರುವುದು ಒಳ್ಳೆಯದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ವಿವರ ಬದಲಾಗುವಂಥ ಮಾರ್ಪಾಟನ್ನು ನಿಷೇಧಿಸುವುದರಿಂದ ತಗ್ಗಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಬೇಕು.

ಶಾಕ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಜೊತೆಗೆ ಮೌಂಟ್, ಬೇರಿಂಗ್, ಧೂಳು ತಡೆಯುವ ಬೂಟ್ ಹೊಸದಾಗಿರಬೇಕು. ಬುಷ್‌ಗಳ ಬೋಲ್ಟುಗಳನ್ನು ಕಾರು ಚಕ್ರದ ಮೇಲೆ ನಿಂತ ಸ್ಥಿತಿಯಲ್ಲೇ ಕೊನೆಯ ಬಿಗಿ ಮಾಡಬೇಕು, ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಬಳಿಕ ಅಲೈನ್‌ಮೆಂಟ್ ಮಾಡಿಸಿ, ಕಣ್ಣಿಗೆ ಕಾಣುವಂತಿರುವ ಶಾಕ್‌ನ ರಾಡಿಗೆ, ಮೈಗೆ ತಾಗುವಂತೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ದಿನನಿತ್ಯದ ದಾರಿಯಲ್ಲಿ ಎಂದಿನ ಭಾರ ಹೊತ್ತು ಓಡಿಸಿ ಬರಬೇಕು. ಚಕ್ರ ಎಲ್ಲಿಯವರೆಗೆ ಮೇಲೇರಿತ್ತೋ ಅಲ್ಲಿಗೆ ಟೈ ಸರಿದು ನಿಂತಿರುತ್ತದೆ. ಅದು ಬಂಪ್ ಸ್ಟಾಪ್‌ಗೆ ಒತ್ತಿಕೊಂಡು ನಿಂತಿದ್ದರೆ ಶಾಕ್ ಬಿಗಿ ಮಾಡಲು ಹೋಗದೆ ಕಾರನ್ನು 10–15 ಮಿ.ಮೀ. ಮೇಲೆತ್ತಿಸಬೇಕು.